ಹಾಸ್ಟೆಲಿನಿಂದ ಸದನಕ್ಕೆ: ಒಂದು ದಾರಿಯನ್ನು ಓದುವ ಬಗೆ

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕವಿತೆ, ಕತೆ, ಆತ್ಮಕಥೆಗಳನ್ನು ಎದುರಿಗಿಟ್ಟುಕೊಂಡು ಕೂರುತ್ತೇವೆ. ಅದು ಸರಿಯೇ. ಆದರೆ ಹಾಗೆ ಬರೆದವರಲ್ಲಿ ಹಲವರು ಬರೆಯುತ್ತಿದ್ದ ಹೊತ್ತಿನಲ್ಲೇ ಮೆರವಣಿಗೆಯಲ್ಲಿದ್ದರು, ಕೆಲವರು ಆಮೇಲೆ ಸದನದ ಕುರ್ಚಿಯಲ್ಲಿ ಕೂತರು. ಮೆರವಣಿಗೆಯನ್ನು ನಮ್ಮ ವಿಮರ್ಶೆ ಪ್ರೀತಿಯಿಂದ ನೆನೆಯುತ್ತದೆ. ಕುರ್ಚಿಯ ವಿಷಯ ಬಂದಾಗ ಮಾತ್ರ ಮುಖ ತಿರುಗಿಸುತ್ತದೆ, ಅಥವಾ ಕೆಮ್ಮಿ ಸುಮ್ಮನಾಗುತ್ತದೆ. ಒಬ್ಬ ವಿದ್ಯಾರ್ಥಿ ಹೋರಾಟಗಾರ ನಗರದ ರಾಜಕಾರಣದೊಳಕ್ಕೆ ನಡೆದು ಹೋಗುವ ಈ ದಾರಿಯನ್ನು ಒಂದು ಪಠ್ಯದ ಹಾಗೆ ಓದಲು ಸಾಧ್ಯವೇ ಎಂಬುದು ಈ ಲೇಖನದ ಪ್ರಶ್ನೆ.

ಸಾಮಾನ್ಯವಾಗಿ ಈ ದಾರಿಯ ಬಗ್ಗೆ ಎರಡೇ ಕಥೆಗಳು ನಮ್ಮಲ್ಲಿ ಚಾಲ್ತಿಯಲ್ಲಿವೆ. ಒಂದು ಏಣಿಯ ಕಥೆ: ಬಡವರ ಮನೆಯ ಹುಡುಗ ಓದಿದ, ಭಾಷಣ ಮಾಡಿದ, ದೊಡ್ಡವನಾದ. ಸನ್ಮಾನ ಸಮಾರಂಭಗಳಲ್ಲಿ ಹೇಳುವ ಕಥೆ ಇದು. ಇನ್ನೊಂದು ಜಾರುಬಂಡೆಯ ಕಥೆ: ಬೆಂಕಿಯಂತಿದ್ದ ಹುಡುಗ ಅಧಿಕಾರದ ಹತ್ತಿರ ಹೋಗಿ ತಣ್ಣಗಾದ. ಇದನ್ನು ಹೋಟೆಲಿನಲ್ಲಿ ಚಾ ಕುಡಿಯುತ್ತ ಹೇಳುತ್ತಾರೆ. ಎರಡರಲ್ಲೂ ಒಂದು ಕೊರತೆ ಉಂಟು. ಆ ದಾರಿಯನ್ನು ಯಾರು ಹಾಕಿದರು, ಅದಕ್ಕೆ ಗೇಟು ಎಲ್ಲೆಲ್ಲಿ ಉಂಟು, ಗೇಟಿನ ಬೀಗದ ಕೈ ಯಾರ ಸೊಂಟದಲ್ಲಿ ಉಂಟು ಎಂದು ಈ ಎರಡೂ ಕಥೆಗಳು ಕೇಳುವುದಿಲ್ಲ.

ನಾನು ಪಾಠ ಮಾಡುವುದು ಮೂಡುಬಿದಿರೆಯಲ್ಲಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರು ಇದು. ಷಟ್ಖಂಡಾಗಮದ ಧವಲಾ ವ್ಯಾಖ್ಯಾನದ ತಾಳೆಗರಿಗಳು ಶತಮಾನಗಳ ಕಾಲ ಇಲ್ಲಿನ ಗುರುಬಸದಿಯಲ್ಲಿ ಭದ್ರವಾಗಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ನಕಲಾಗಿ ಹೊರಗೆ ಹೋಗಿ, 1939ರಿಂದ ಅಚ್ಚಾಗತೊಡಗಿದವು. ಜ್ಞಾನವನ್ನು ಹುಳ ಹಿಡಿಯದ ಹಾಗೆ ಕಾಯುವುದು ಹೇಗೆ ಎಂದು ಗೊತ್ತಿರುವ ಊರು. ಅದನ್ನು ಹಂಚುವುದಕ್ಕೆ ಎಷ್ಟು ಕಾಲ ಬೇಕಾಯಿತು ಎಂಬುದೂ ಇದೇ ಊರಿನ ಚರಿತ್ರೆ. ಈಗ ಇಲ್ಲಿ ಕಾಲೇಜುಗಳು ಹಲವು, ಹಾಸ್ಟೆಲುಗಳು ಅದಕ್ಕಿಂತ ಹೆಚ್ಚು. ಬೆಳ್ತಂಗಡಿ, ಬಂಟ್ವಾಳ, ಕಾರ್ಕಳದ ಕಡೆಯಿಂದ ಮುಂಡಾಲ, ಮೇರ, ಮನ್ಸ, ನಲಿಕೆ, ಪಂಬದ, ಕೊರಗ ಮನೆಗಳ ಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ನಾನೂ ಹಾಗೇ ಬೆಳ್ತಂಗಡಿ ಕಡೆಯಿಂದ ಬಂದವನು. ಅಮ್ಮ ಬೀಡಿ ಕಟ್ಟಿದ ದುಡ್ಡು, ಸರಕಾರದ ವಿದ್ಯಾರ್ಥಿನಿಲಯದ ಗಂಜಿ, ಇವೆರಡೂ ಇಲ್ಲದಿದ್ದರೆ ನನ್ನ ಎಂ.ಎ. ಇಲ್ಲ. ಹಾಗಾಗಿ ಹಾಸ್ಟೆಲ್ ಎಂಬ ಶಬ್ದವನ್ನು ನಾನು ನಿರ್ಲಿಪ್ತನಾಗಿ ಬಳಸಲಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಸಿದ್ಧಲಿಂಗಯ್ಯನವರಿಗೆ ಬರೋಣ. ಕರ್ನಾಟಕದಲ್ಲಿ ಈ ದಾರಿಯನ್ನು ಪೂರ್ತಿ ನಡೆದು, ಅದನ್ನು ಬರೆದೂ ಇಟ್ಟವರು ಅವರು. ಹುಟ್ಟಿದ್ದು 1954ರಲ್ಲಿ, ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ. 2021ರ ಜೂನ್ 11ರಂದು ಕೊರೋನಾದಿಂದ ತೀರಿಕೊಂಡರು. ಅವರ ಆತ್ಮಕಥೆ ‘ಊರುಕೇರಿ’ಯ ಆರಂಭದಲ್ಲೇ ಒಂದು ನೋಟ ಇದೆ: ಉಳ್ಳವರ ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ಉಳುವವನೊಬ್ಬ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಈ ಹುಡುಗನ ಅಪ್ಪ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಹತ್ತು ಪುಟ ಅಳುತ್ತಿದ್ದರು. ಸಿದ್ಧಲಿಂಗಯ್ಯ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಅವರ ಗೆಳೆಯ ಡಿ.ಆರ್. ನಾಗರಾಜ್ ಈ ಪುಸ್ತಕದ ಬಗ್ಗೆ ಬರೆಯುತ್ತ, ಬಡವರ ನಗುವಿಗಿರುವ ಶಕ್ತಿಯನ್ನು ಗುರುತಿಸಿದರು. ಆ ಮಾತು ಬಹಳ ಪ್ರಸಿದ್ಧವಾಗಿದೆ. ಪ್ರಸಿದ್ಧವಾದ ಮಾತಿಗೆ ಆಗುವ ಗತಿಯೇ ಅದಕ್ಕೂ ಆಗಿದೆ. ಎಲ್ಲರೂ ನಗುವನ್ನು ಹಿಡಿದುಕೊಂಡರು, ಪುಸ್ತಕದಲ್ಲಿರುವ ನಕ್ಷೆಯನ್ನು ನೋಡಲಿಲ್ಲ.

ನಕ್ಷೆ ಎಂದೆ. ‘ಊರುಕೇರಿ’ ಎಂಬ ಹೆಸರೇ ಒಂದು ನಕ್ಷೆ. ಹಳ್ಳಿಯಲ್ಲಿ ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ, ನಡುವೆ ಗೆರೆ. ಆ ಕುಟುಂಬ ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ನೆಲೆಸಿದಾಗ ಗೆರೆ ಅಳಿಸಿಹೋಯಿತೇ? ಇಲ್ಲ. ಕೇರಿಗೆ ಕೊಳೆಗೇರಿ ಎಂಬ ಹೊಸ ಹೆಸರು ಬಂತು ಅಷ್ಟೇ. ಆದರೆ ನಗರದಲ್ಲಿ ಒಂದು ವ್ಯತ್ಯಾಸವುಂಟು, ಅದು ಸಣ್ಣದಲ್ಲ. ಹಳ್ಳಿಯ ಕೇರಿಯವನು ಒಬ್ಬ ಗೌಡನ ಎದುರು, ಒಂದೇ ಬಾವಿಯ ಎದುರು ನಿಂತಿರುತ್ತಾನೆ. ನಗರದ ಕೇರಿಯವನ ಎದುರು ನಿಂತಿರುವುದು ಮುನಿಸಿಪಾಲಿಟಿ. ನಲ್ಲಿ, ಚರಂಡಿ, ಬೀದಿ ದೀಪ, ಹಕ್ಕುಪತ್ರ, ಶಾಲೆ, ಸ್ಮಶಾನ, ಎಲ್ಲಕ್ಕೂ ಒಂದು ಕಚೇರಿ ಉಂಟು, ಅರ್ಜಿ ಉಂಟು, ಅರ್ಜಿಗೆ ನಂಬರು ಉಂಟು. ಗೌಡನನ್ನು ಕೇಳಿದರೆ ಅದು ಬೇಡಿಕೊಳ್ಳುವುದು. ಕಚೇರಿಯನ್ನು ಕೇಳಿದರೆ ಅದು ಹಕ್ಕು ಕೇಳುವುದು. ಹಕ್ಕು ಸಿಕ್ಕಿತು ಎಂದು ನಾನು ಹೇಳುತ್ತಿಲ್ಲ. ಕೇಳುವ ಭಾಷೆ ಬದಲಾಯಿತು ಎನ್ನುತ್ತಿದ್ದೇನೆ. ದಲಿತ ವಿದ್ಯಾರ್ಥಿಯ ಭಾಷಣ ಹುಟ್ಟುವುದು ಈ ಬದಲಾವಣೆಯಲ್ಲಿ.

ಆ ಹುಡುಗ ಗೋಪಾಲಪುರದ ಹಾಸ್ಟೆಲಿನಲ್ಲಿದ್ದು ಓದಿದ. ಸ್ಮಶಾನದ ಗೋರಿಗಳ ಮೇಲೆ ಕೂತು ಓದುತ್ತಿದ್ದ, ಬರೆಯುತ್ತಿದ್ದ ಸಂಗತಿ ‘ಊರುಕೇರಿ’ ಓದಿದ ಎಲ್ಲರಿಗೂ ನೆನಪಿರುತ್ತದೆ. ಇದನ್ನು ನಾವು ಕವಿಯ ವಿಚಿತ್ರ ಸ್ವಭಾವ ಎಂಬಂತೆ ಓದಿ ಖುಷಿಪಡುತ್ತೇವೆ. ಸ್ವಲ್ಪ ತಡೆದು ಯೋಚಿಸಿ ನೋಡಿ. ಒಂದು ಮಹಾನಗರದಲ್ಲಿ ಒಬ್ಬ ಬಡ ವಿದ್ಯಾರ್ಥಿಗೆ ಯಾರೂ ಎಬ್ಬಿಸಿ ಕಳಿಸದ, ಕಾಸು ಕೇಳದ, ಸದ್ದಿಲ್ಲದ ಸಾರ್ವಜನಿಕ ಜಾಗ ಎಂದು ಸಿಕ್ಕಿದ್ದು ಸ್ಮಶಾನ! ಓದುವ ಕೋಣೆ ಎಂಬುದು ಊರಿನ ಆಸ್ತಿ. ಕೇರಿಯವನಿಗೆ ಸತ್ತವರೇ ಜಾಗ ಬಿಟ್ಟುಕೊಡಬೇಕಾಯಿತು. ಇದು ನಗರಾಡಳಿತದ ಬಗ್ಗೆ ಬರೆದ ಒಂದು ಟೀಕೆ ಎಂದು ಓದಿದರೆ ತಪ್ಪೇನು?

ಹಾಸ್ಟೆಲಿನಲ್ಲಿ ಬೇರೆ ಬೇರೆ ತಾಲ್ಲೂಕಿನ ಕೇರಿಗಳು ಒಂದೇ ಸೂರಿನಡಿ ಸೇರುತ್ತವೆ. ತನ್ನ ಊರಿನಲ್ಲಿ ಮಾತ್ರ ಹೀಗೆ ಎಂದುಕೊಂಡಿದ್ದವನಿಗೆ ಎಲ್ಲ ಊರಿನಲ್ಲೂ ಹೀಗೇ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ದಲಿತ ಚಳವಳಿಯ ಮೊದಲ ಪಠ್ಯ ಈ ಊಟದ ಹೊತ್ತಿನ ಮಾತು. ಅದರ ಜೊತೆಗೆ ಚರ್ಚಾಸ್ಪರ್ಧೆ. ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಯನ್ನು ನಾವೆಲ್ಲ ಹಗುರವಾಗಿ ನೋಡುತ್ತೇವೆ. ಪರ, ವಿರೋಧ, ಗಂಟೆ, ಬಹುಮಾನಕ್ಕೆ ಒಂದು ಸ್ಟೀಲ್ ಲೋಟ. ಆದರೆ ತಲೆಯೆತ್ತಿ ಮಾತಾಡಬಾರದು ಎಂದು ನೂರಾರು ವರ್ಷ ಕಲಿಸಿದ ಸಮಾಜದಲ್ಲಿ, ಐದು ನಿಮಿಷ ಯಾರೂ ಅಡ್ಡ ಬಾಯಿ ಹಾಕದೆ ಕೇಳಲೇಬೇಕು ಎಂಬ ನಿಯಮವಿರುವ ಒಂದು ವೇದಿಕೆ ಕೇರಿಯ ಹುಡುಗನಿಗೆ ಬೇರೆಲ್ಲಿ ಸಿಗುತ್ತದೆ? ಸಿದ್ಧಲಿಂಗಯ್ಯ ಆ ವೇದಿಕೆಯಲ್ಲಿ ಬೆಳೆದವರು. ಸರಕಾರಿ ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ ಡಿ.ಆರ್. ನಾಗರಾಜ್ ಅವರ ಜೊತೆಗಾರ. ವಿಚಾರವಾದ, ಮಾರ್ಕ್ಸ್‌ವಾದ, ಅಂಬೇಡ್ಕರ್, ಎಲ್ಲವೂ ಒಟ್ಟೊಟ್ಟಿಗೆ ಬಂದ ದಿನಗಳು ಅವು.

ಅಷ್ಟರಲ್ಲಿ 1973 ಬಂತು. ಬೂಸಾ ಪ್ರಕರಣದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಾಗಿದೆ. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತಾಡಿದರು. ಗಲಭೆಗಳಾದವು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿಪದವಿ ಬಿಡಬೇಕಾಯಿತು. ಕುವೆಂಪು ಅವರಂಥ ಒಬ್ಬಿಬ್ಬರು ಹಿರಿಯರು ಬಸವಲಿಂಗಪ್ಪನವರ ಮಾತಿನಲ್ಲಿ ಹುರುಳಿದೆ ಎಂದರು. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಗಮನಿಸಬೇಕಾದ್ದು ಬೇರೆಯಿದೆ. ಬಸವಲಿಂಗಪ್ಪನವರು ಸಾಹಿತ್ಯದ ಮಂತ್ರಿಯಲ್ಲ, ಪೌರಾಡಳಿತದ ಮಂತ್ರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು ಅವರೇ. ದೇಶದ ಸಂಸತ್ತು ಅಂಥ ಕಾನೂನು ಮಾಡಿದ್ದು 1993ರಲ್ಲಿ, ಅದು ಸಾಲದೆ ಮತ್ತೆ 2013ರಲ್ಲಿ ಇನ್ನೊಂದು. ಅಂದರೆ ದಿಲ್ಲಿಗಿಂತ ಎರಡು ದಶಕ ಮೊದಲು ಇಲ್ಲಿ ಒಬ್ಬ ದಲಿತ ಮಂತ್ರಿ ಆ ಬುಟ್ಟಿಯನ್ನು ಕೆಳಗಿಳಿಸಲು ಹೊರಟಿದ್ದ. ಮಲದ ಬುಟ್ಟಿಯ ಬಗ್ಗೆ ಹೇಳಿದ ಬಾಯಿಯೇ ಬೂಸಾದ ಬಗ್ಗೆಯೂ ಹೇಳಿದ್ದು. ಒಂದು ಮಾತು ಪೌರಾಡಳಿತ ಇಲಾಖೆಯ ಕಡತಕ್ಕೆ ಹೋಯಿತು, ಇನ್ನೊಂದು ಸಾಹಿತ್ಯ ಚರಿತ್ರೆಗೆ ಬಂತು. ಎರಡನ್ನೂ ಒಟ್ಟಿಗೆ ಓದಿದವರು ಕಡಿಮೆ. ಒಟ್ಟಿಗೆ ಓದಿದರೆ ಬಸವಲಿಂಗಪ್ಪನವರ ಪ್ರಶ್ನೆ ಬಹಳ ಸರಳ: ಈ ಬುಟ್ಟಿ ನಿಮ್ಮ ಮಹಾಕಾವ್ಯಗಳಲ್ಲಿ ಎಲ್ಲಿದೆ? ಅದಕ್ಕೆ ಉತ್ತರ ಕೊಡುವ ಬದಲು ಕಲ್ಲು ಬೀರಿದರು. ಸಾಹಿತ್ಯದ ಮಾನ ಕಾಯಲು ಹೋದವರ ಕಲ್ಲು ಬಿದ್ದದ್ದು ಹಾಸ್ಟೆಲಿನ ಕಿಟಕಿಗೆ. ಆ ಕಿಟಕಿಯ ಒಳಗಿದ್ದವರೇ ಆಮೇಲೆ ಕನ್ನಡ ಸಾಹಿತ್ಯದ ದಿಕ್ಕು ಬದಲಿಸಿದರು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಭದ್ರಾವತಿಯಲ್ಲಿ ಕಾಲೇಜು ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಲ್ಪಟ್ಟಿತು. ಮೈಸೂರಿನಿಂದ ‘ಪಂಚಮ’ ಪತ್ರಿಕೆ ಬಂತು. ದೇವನೂರ ಮಹಾದೇವರ ‘ದ್ಯಾವನೂರು’ 1973ರಲ್ಲೇ ಬಂದಿತ್ತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಸಿದ್ಧಲಿಂಗಯ್ಯನವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಆ ಹಾಡುಗಳನ್ನು ಓದಿ ಕಲಿತವರಿಗಿಂತ ಬೀದಿಯಲ್ಲಿ ಕೇಳಿ ಕಲಿತವರೇ ಹೆಚ್ಚು. ನಮ್ಮ ಕರಾವಳಿಯ ಕಡೆಗೂ ಅವು ಬಂದವು, ಪುಸ್ತಕಕ್ಕಿಂತ ಮುಂಚೆ.

1988ರಲ್ಲಿ, 34ನೆಯ ವಯಸ್ಸಿನಲ್ಲಿ, ಸಿದ್ಧಲಿಂಗಯ್ಯ ವಿಧಾನ ಪರಿಷತ್ತಿನ ಸದಸ್ಯರಾದರು. ಜಾರುಬಂಡೆಯ ಕಥೆ ಹೇಳುವವರು ಇಲ್ಲಿಂದ ಶುರು ಮಾಡುತ್ತಾರೆ. ಅವರು ಎಲ್ಲ ಪಕ್ಷದವರ ಜೊತೆ ನಗುತ್ತ ಮಾತಾಡಿದರು, ನಾಸ್ತಿಕರಾಗಿದ್ದವರು ಗ್ರಾಮದೇವತೆಗಳ ಸಂಶೋಧನೆಗೆ ಹೋದರು, ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು, ಹೀಗೆ ದೂರಿನ ಪಟ್ಟಿ ಬೆಳೆಯುತ್ತದೆ. ಗ್ರಾಮದೇವತೆಗಳ ವಿಷಯದಲ್ಲಿ ಈ ದೂರು ನನಗೆ ಒಪ್ಪಿಗೆಯಿಲ್ಲ. ದೈವಗಳ ನಾಡಿನವನಾದ ನನಗೆ, ದೈವ ಕಟ್ಟುವ ನಲಿಕೆಯವನ ಮೈಮೇಲೆ ಆವೇಶ ಬಂದಾಗ ಎದುರು ಕೈಮುಗಿದು ನಿಲ್ಲುವ ಗುತ್ತಿನ ಯಜಮಾನ, ಬಣ್ಣ ತೊಳೆದ ಮೇಲೆ ಅದೇ ಮನುಷ್ಯನನ್ನು ಎಲ್ಲಿ ಕೂರಿಸುತ್ತಾನೆ ಎಂದು ಗೊತ್ತು. ದೇವರನ್ನು ಅಲ್ಲಗಳೆದು ಈ ಸಂಬಂಧವನ್ನು ಅರ್ಥ ಮಾಡಿಕೊಳ್ಳಲಾಗುವುದಿಲ್ಲ. ಒಳಹೊಕ್ಕು ನೋಡಲೇಬೇಕು.

ಆದರೆ ಸದನದ ಕುರ್ಚಿಯ ವಿಷಯದಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿದೆ. ಕರ್ನಾಟಕ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳು. ಅವುಗಳಲ್ಲಿ 25ನ್ನು ಶಾಸಕರು, 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಏಳೇಳನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಸ್ಥಾನಗಳಿಗೆ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಲ್ಲಿ ತಿಳಿವಳಿಕೆ ಇರುವವರನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ರಾಜ್ಯಪಾಲರು ಎಂದರೆ ವ್ಯವಹಾರದಲ್ಲಿ ಆಳುವ ಪಕ್ಷ. ಸಿದ್ಧಲಿಂಗಯ್ಯ ಹೋದದ್ದು ಈ ಬಾಗಿಲಿನಿಂದ. ಶ್ರೀರಾಮಪುರದ ಕೇರಿಯವರು ಓಟು ಹಾಕಿ ಕಳಿಸಿದ್ದಲ್ಲ, ಸರಕಾರ ಕರೆದು ಕೂರಿಸಿದ್ದು. ಎರಡು ಅವಧಿ, 2001ರವರೆಗೆ.

ಇದು ಅವರ ಮೇಲಿನ ಟೀಕೆಯಲ್ಲ, ದಾರಿಯ ಮೇಲಿನ ಟೀಕೆ. ಯಾಕೆಂದರೆ ಈ ‘ಕರೆದು ಕೂರಿಸುವ’ ಪದ್ಧತಿಗೆ ನಮ್ಮ ಜಿಲ್ಲೆಯಲ್ಲಿ ನೂರು ವರ್ಷದ ಚರಿತ್ರೆ ಉಂಟು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಬಗ್ಗದ ಸಾರಸ್ವತ ಬ್ರಾಹ್ಮಣ. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಬೇಕೆಂದು ಅವರು ಬಯಸಿದ್ದನ್ನು ಇಲ್ಲಿ ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಭಾಷಣಗಳಲ್ಲಿ ಅಷ್ಟಾಗಿ ಹೇಳದ ಸಂಗತಿ ಇನ್ನೊಂದು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರು ಇರಲೇಬೇಕೆಂದು ರಂಗರಾಯರು ಹಟ ಹಿಡಿದರು. ಅದರ ಫಲವಾಗಿ ಜಿಲ್ಲಾ ಬೋರ್ಡಿಗೆ ಅಂಗಾರ ಮಾಸ್ತರರೂ ಮಂಗಳೂರು ಮುನಿಸಿಪಾಲಿಟಿಗೆ ಗೋವಿಂದ ಮಾಸ್ತರರೂ ನಾಮಕರಣಗೊಂಡರು.

ಮಾಸ್ತರ್ ಎಂಬ ಆ ಶಬ್ದದ ಹತ್ತಿರ ಸ್ವಲ್ಪ ನಿಲ್ಲಬೇಕು. ಅಕ್ಷರ, ಅದರಿಂದ ಮೇಷ್ಟ್ರ ಕೆಲಸ, ಅದರಿಂದ ನಗರಸಭೆಯ ಕುರ್ಚಿ. ದಾರಿ ಆಗಲೇ ಹಾಕಿಯಾಗಿತ್ತು. ಸಿದ್ಧಲಿಂಗಯ್ಯನವರೂ ಮೇಷ್ಟ್ರೇ. ಬಿ. ಕೃಷ್ಣಪ್ಪನವರೂ ಮೇಷ್ಟ್ರೇ. ಕೈಯಲ್ಲಿ ಭೂಮಿಯಿಲ್ಲದ, ಅಂಗಡಿಯಿಲ್ಲದ, ಮಠವಿಲ್ಲದ ಸಮುದಾಯಕ್ಕೆ ಸಾರ್ವಜನಿಕ ಜೀವನಕ್ಕೆ ಹೋಗಲು ಇದ್ದ ಒಂದೇ ಕಾಲುದಾರಿ ಶಾಲೆಯ ಅಂಗಳದಿಂದ ಹೊರಡುತ್ತಿತ್ತು. ಮೇಲ್ಜಾತಿಯ ನಾಯಕನಿಗೆ ಹೀಗಿರಲಿಲ್ಲ. ನಮ್ಮ ಜಿಲ್ಲೆಯವರೇ ಆದ ಬಿ.ವಿ. ಕಕ್ಕಿಲ್ಲಾಯರು ವಿದ್ಯಾರ್ಥಿ ದೆಸೆಯಲ್ಲೇ ಚಳವಳಿಗೆ ಬಂದು, ಕಮ್ಯುನಿಸ್ಟರಾಗಿ, ಗೇಣಿದಾರರನ್ನು ಕಟ್ಟಿ, 1952ರಲ್ಲಿ ರಾಜ್ಯಸಭೆಗೂ ಎಪ್ಪತ್ತರ ದಶಕದಲ್ಲಿ ವಿಧಾನಸಭೆಗೂ ಹೋದರು. ದೊಡ್ಡ ಮನುಷ್ಯ, ಪ್ರಾಮಾಣಿಕ. ಆದರೆ ಆ ಚಳವಳಿಯ ಫಲವಾದ ಭೂಸುಧಾರಣೆಯಲ್ಲಿ ಗೇಣಿ ಚೀಟಿ ಇದ್ದವನಿಗೆ ಭೂಮಿ ಬಂತು, ಚೀಟಿಯೇ ಇಲ್ಲದ ಮೂಲದಾಳಿಗೆ ಬರಲಿಲ್ಲ. ಅವನ ಪಾಲಿಗೆ ಉಳಿದದ್ದು ಡಿ.ಸಿ. ಮನ್ನಾ ಭೂಮಿ ಎಂಬ ಬ್ರಿಟಿಷರ ಕಾಲದ ಕಾಗದ. ನನ್ನ ತರಗತಿಯ ಮಕ್ಕಳು ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಎಂದುಕೊಂಡಿದ್ದರು! ಡಿಪ್ರೆಸ್ಡ್ ಕ್ಲಾಸ್, ಮಾರಾಯ್ರೆ. ನಮ್ಮದೇ ಹೆಸರು. ನಮ್ಮ ಹೆಸರಿನ ಭೂಮಿ ನಮಗೆ ಸಿಗಲು ಈಗಲೂ ಧರಣಿ ಕೂರಬೇಕಾಗಿದೆ.

ನಾಮಕರಣದ ಕುರ್ಚಿಯಿಂದ ಏನು ಮಾಡಲು ಸಾಧ್ಯ? ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಅಂಬೇಡ್ಕರ್ ಅವರೇ. ಅವರನ್ನು 1926ರ ಕೊನೆಯಲ್ಲಿ ಮುಂಬಯಿ ಶಾಸನ ಪರಿಷತ್ತಿಗೆ ಸರಕಾರ ನಾಮಕರಣ ಮಾಡಿತು. ಅದಾಗಿ ಕೆಲವೇ ತಿಂಗಳಲ್ಲಿ, 1927ರ ಮಾರ್ಚ್ 20ರಂದು, ಅವರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಮಹಾಡ ಸತ್ಯಾಗ್ರಹವನ್ನು ನಾವು ಧರ್ಮದ ವಿರುದ್ಧದ ಬಂಡಾಯ ಎಂದು ಮಾತ್ರ ಪಾಠ ಮಾಡುತ್ತೇವೆ. ಅದು ಒಂದು ಪುರಸಭೆಯ ಠರಾವಿನ ಕಥೆಯೂ ಹೌದು. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು 1923ರಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ಪರಿಷತ್ತಿನಲ್ಲಿ ಗೊತ್ತುವಳಿ ತಂದರು. ಮಹಾಡದ ಮುನಿಸಿಪಾಲಿಟಿ 1924ರಲ್ಲಿ ತನ್ನ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತು. ಠರಾವು ಪುಸ್ತಕದಲ್ಲಿತ್ತು. ನೀರು ಕೆರೆಯಲ್ಲಿತ್ತು. ನಡುವೆ ಊರಿತ್ತು. ಮೂರು ವರ್ಷ ಯಾರೂ ಹತ್ತಿರ ಹೋಗಲಾಗಲಿಲ್ಲ. ಅಂಬೇಡ್ಕರ್ ಮತ್ತು ಅವರ ಸಂಗಡಿಗರು ನಡೆದುಹೋಗಿ ನೀರು ಕುಡಿದದ್ದು, ಒಂದು ರೀತಿಯಲ್ಲಿ, ಮುನಿಸಿಪಾಲಿಟಿಯ ಠರಾವನ್ನು ಜಾರಿ ಮಾಡಿದ್ದು. ಅದೇ ವರ್ಷದ ಆಗಸ್ಟಿನಲ್ಲಿ ಮುನಿಸಿಪಾಲಿಟಿ ಆ ಠರಾವನ್ನೇ ರದ್ದು ಮಾಡಿತು. ಕೇಸು ನಡೆದು ಹೈಕೋರ್ಟಿನಲ್ಲಿ ಅಸ್ಪೃಶ್ಯರ ಪರ ತೀರ್ಪು ಬಂದದ್ದು 1937ರಲ್ಲಿ.

ಸದನದ ಗೊತ್ತುವಳಿ, ಪುರಸಭೆಯ ಠರಾವು, ಬೀದಿಯ ನಡಿಗೆ, ಕೋರ್ಟು. ಈ ನಾಲ್ಕರಲ್ಲಿ ಯಾವ ಒಂದೂ ಸಾಲಲಿಲ್ಲ. ಹಾಗಿರುವಾಗ ಒಬ್ಬ ಹೋರಾಟಗಾರ ಬೀದಿಯಿಂದ ಸದನಕ್ಕೆ ಹೋದದ್ದೇ ಪತನ ಎನ್ನುವುದು ಅವಸರದ ಮಾತು. ಹೋದ ಮೇಲೆ ಬೀದಿಯೊಂದಿಗಿನ ಹಗ್ಗ ಕೈಯಲ್ಲಿ ಉಳಿಯಿತೇ ಎಂದು ಕೇಳಬೇಕು. ಸಿದ್ಧಲಿಂಗಯ್ಯನವರ ವಿಷಯದಲ್ಲಿ ಇದಕ್ಕೆ ಉತ್ತರ ಹುಡುಕಲು ನಮಗೆ ಆಧಾರಗಳೂ ಉಂಟು. ಅವರ ಪರಿಷತ್ತಿನ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂಬ ಹೆಸರಿನಲ್ಲಿ ಎರಡು ಭಾಗಗಳಾಗಿ ಅಚ್ಚಾಗಿವೆ. ‘ಹೊಲೆಮಾದಿಗರ ಹಾಡು’ ಕುರಿತು ನಮ್ಮಲ್ಲಿ ಪಿಎಚ್.ಡಿ.ಗಳಿವೆ. ಸದನದ ಮಾತುಗಳನ್ನು ಯಾರೂ ಸಾಹಿತ್ಯ ಎಂದು ಓದುವುದಿಲ್ಲ, ರಾಜ್ಯಶಾಸ್ತ್ರದವರು ರಾಜ್ಯಶಾಸ್ತ್ರ ಎಂದೂ ಓದುವುದಿಲ್ಲ. ಬೀದಿಯಲ್ಲಿ ಸಿಟ್ಟಾಗಿದ್ದ ಭಾಷೆ, ‘ಮಾನ್ಯ ಸಭಾಪತಿಗಳೇ’ ಎಂದು ಶುರುವಾಗಬೇಕಾದ ಜಾಗದಲ್ಲಿ ಏನಾಗುತ್ತದೆ? ವ್ಯಂಗ್ಯವಾಗುತ್ತದೆಯೇ, ಕಥೆಯಾಗುತ್ತದೆಯೇ, ಮನವಿಯಾಗಿ ಕುಗ್ಗುತ್ತದೆಯೇ? ‘ಊರುಕೇರಿ’ಯ ನಗುವಿಗೂ ಸದನದ ನಗುವಿಗೂ ಸಂಬಂಧವೇನು? ನಗು ಬಲವಿಲ್ಲದವನ ಬಲ ಹೌದು. ಬಲವಿದ್ದವನನ್ನು ಮುಜುಗರದಿಂದ ಪಾರು ಮಾಡುವ ಉಪಾಯವೂ ಹೌದು. ಕವಿಯ ಮಾತಿಗೆ ಇಡೀ ಸದನ ನಕ್ಕಾಗ ಗೆದ್ದವರು ಯಾರು ಎಂಬುದನ್ನು ಪ್ರತಿ ಸಂದರ್ಭದಲ್ಲೂ ಬಿಡಿಸಿ ನೋಡಬೇಕಾಗುತ್ತದೆ. ದಲಿತ ವಿಮರ್ಶೆ ಮಾಡಬೇಕಾದ ಕೆಲಸ ಇದು ಎಂದು ನನಗನ್ನಿಸುತ್ತದೆ.

ಈಗ ಇವತ್ತಿಗೆ. ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬ ಸ್ವಲ್ಪ ಸಮಯದ ಹಿಂದೆ ಬಂದಿದ್ದ. ಹತ್ತಿರದ ಒಂದು ಪೇಟೆಯವನು, ಕೇರಿಯ ನೀರಿಗಾಗಿ ಅರ್ಜಿ ಬರೆದು ಬರೆದು ಹೆಸರಾದವನು. ಅವನ ವಾರ್ಡು ಮೀಸಲಾಗಬಹುದು ಎಂಬ ಸುದ್ದಿ ಇತ್ತು. ಒಂದು ಪಕ್ಷದವರು ಮನೆಗೆ ಬಂದು, ‘ನೀನು ನಿಲ್ಲು ಮಾರಾಯ, ಖರ್ಚು ನಾವು ನೋಡಿಕೊಳ್ತೇವೆ’ ಎಂದಿದ್ದರು. ‘ಎಂತ ಮಾಡುವುದು ಸರ್?’ ಎಂದು ಕೇಳಿದ. ಬೇಡ ಎಂದು ನಾನು ಹೇಳಲಿಲ್ಲ. ಖರ್ಚು ನೋಡಿಕೊಳ್ಳುವವರು ಆಮೇಲೆ ಕೈ ಎತ್ತುವುದನ್ನೂ ನೋಡಿಕೊಳ್ಳುತ್ತಾರೆ, ಅದನ್ನು ತಿಳಿದು ನಿಲ್ಲು ಎಂದೆ.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲು ಸ್ಥಾನಗಳು ಬಂದವು. ಗೋವಿಂದ ಮಾಸ್ತರರ ಕಾಲದ ನಾಮಕರಣ ಹೋಯಿತು, ಚುನಾವಣೆ ಬಂತು. ದೊಡ್ಡ ಹೆಜ್ಜೆಯೇ. ಆದರೆ 1932ರ ಪೂನಾ ಒಪ್ಪಂದದ ನೆರಳು ಇಲ್ಲೂ ಇದೆ. ಮೀಸಲು ವಾರ್ಡಿನಲ್ಲಿ ನಿಲ್ಲುವವನು ದಲಿತ, ಆದರೆ ಅವನನ್ನು ಗೆಲ್ಲಿಸುವ ಓಟುಗಳಲ್ಲಿ ಹೆಚ್ಚಿನವು ಬೇರೆಯವರದು. ಕರಾವಳಿಯ ಪೇಟೆಗಳಲ್ಲಿ ದಲಿತರ ಮನೆಗಳು ಚದುರಿಹೋಗಿರುವುದರಿಂದ ಇದು ಇನ್ನೂ ಹೆಚ್ಚು. ಎಲ್ಲರಿಗೂ ಒಪ್ಪಿಗೆಯಾಗುವ ಹುಡುಗನೇ ಬೇಕು, ಅಂದರೆ ಸ್ವಲ್ಪ ಕಡಿಮೆ ಮಾತಾಡುವವನು. ಇದರ ಮೇಲೆ ಮೀಸಲಾತಿಯ ಸರದಿ ಬೇರೆ. ಈ ಸಲ ಮೀಸಲಾದ ವಾರ್ಡು ಮುಂದಿನ ಸಲ ಸಾಮಾನ್ಯ. ಐದು ವರ್ಷ ಕಚೇರಿ ಸುತ್ತಿ ಕೆಲಸ ಕಲಿತವನು ಕಲಿಯುವುದು ಮುಗಿದ ಹೊತ್ತಿಗೆ ಮನೆಗೆ.

ಮತ್ತೊಂದು ಬಾಗಿಲೂ ಮುಚ್ಚಿದೆ. ಎಂಬತ್ತರ ದಶಕದ ಕೊನೆಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು ನಿಂತವು. ಗಲಾಟೆ, ಹೊಡೆದಾಟ ಕಾರಣ ಎಂದರು. ಸುಳ್ಳಲ್ಲ. ಆದರೆ ಚುನಾವಣೆ ಹೋದರೂ ರಾಜಕೀಯ ಹೋಗಲಿಲ್ಲ. ನಾಮಪತ್ರ ಸಲ್ಲಿಸಿ, ಸೋತು, ಲೆಕ್ಕ ಒಪ್ಪಿಸಿ ಕಲಿಯುವ ರಾಜಕೀಯ ಹೋಗಿ, ಬಾವುಟ ಹಿಡಿದು ಬೈಕಿನ ಹಿಂದೆ ಕೂರುವ ರಾಜಕೀಯ ಉಳಿಯಿತು. ನಮ್ಮ ಹುಡುಗರ ಕೈಗೆ ಬಾವುಟ ಕೊಡುವವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಜೆಟ್ ಪುಸ್ತಕ ಕೊಡುವವರು ಇಲ್ಲ.

ಬಜೆಟ್ ಪುಸ್ತಕ ಎಂದು ನಾನು ತಮಾಷೆಗೆ ಹೇಳಿದ್ದಲ್ಲ. ಕರ್ನಾಟಕದ ಪುರಸಭೆ, ನಗರಸಭೆಗಳು ಪರಿಶಿಷ್ಟರ ಕಲ್ಯಾಣಕ್ಕೆಂದು ಶೇಕಡಾ 24.10ರಷ್ಟು ಹಣವನ್ನು ಬೇರೆಯಾಗಿ ತೆಗೆದಿಡಬೇಕು ಎಂಬ ನಿಯಮವುಂಟು. ಮೊದಲು ಇದು ಶೇಕಡಾ 22.75 ಇತ್ತು. ಪ್ರತಿ ವರ್ಷ ಇದಕ್ಕೊಂದು ಕ್ರಿಯಾಯೋಜನೆ ಆಗುತ್ತದೆ: ಕೇರಿಯ ರಸ್ತೆ, ಚರಂಡಿ, ಮನೆ ರಿಪೇರಿ, ವಿದ್ಯಾರ್ಥಿಗಳಿಗೆ ಸಹಾಯಧನ, ಇತ್ಯಾದಿ. ಕೇರಿಯ ರಸ್ತೆ ಎಂದು ಬರೆದದ್ದು ಕೇರಿಯ ಬಾಗಿಲಿಗೇ ಹೋಗುತ್ತದೆಯೋ, ಕೇರಿಯ ಪಕ್ಕದ ಯಾರದೋ ತೋಟಕ್ಕೆ ಹೋಗುತ್ತದೆಯೋ ಎಂದು ತಿಳಿಯಲು ಕ್ರಾಂತಿ ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಸಾಕು, ಆಮೇಲೆ ಹೋಗಿ ನೋಡುವ ಕಾಲು ಬೇಕು.

ನಾನು ಎಂ.ಎ. ತರಗತಿಯಲ್ಲಿ ‘ಊರುಕೇರಿ’ ಪಾಠ ಮಾಡುವಾಗ ಈಗ ಒಂದು ಕೆಲಸ ಕೊಡುತ್ತೇನೆ. ಪ್ರತಿಯೊಬ್ಬರೂ ತಮ್ಮ ಪಂಚಾಯತಿನ ಅಥವಾ ಪುರಸಭೆಯ ಒಂದು ವರ್ಷದ ನಡಾವಳಿ ಪುಸ್ತಕದ ಪ್ರತಿ ತರಬೇಕು, ಅದನ್ನು ಕವಿತೆ ಓದುವ ಹಾಗೆ ಓದಬೇಕು. ಯಾರು ಮಾತಾಡಿದ್ದಾರೆ, ಯಾರ ಹೆಸರಿನ ಮುಂದೆ ಬರೀ ‘ಹಾಜರು’ ಎಂದಿದೆ, ‘ಸರ್ವಾನುಮತದಿಂದ’ ಎಂಬ ಶಬ್ದ ಎಷ್ಟು ಸಲ ಬಂದಿದೆ, ‘ಮುಂದಿನ ಸಭೆಗೆ ಇಡುವುದು’ ಎಂದು ತೀರ್ಮಾನವಾದ ವಿಷಯಗಳು ಯಾವ ಕೇರಿಯವು. ಮೊದಲ ವರ್ಷ ಹುಡುಗರು ಗೊಣಗಿದರು. ಕನ್ನಡ ಎಂ.ಎ.ಗೂ ಚರಂಡಿಯ ಠರಾವಿಗೂ ಎಂತ ಸಂಬಂಧ ಎಂದು ಒಬ್ಬಳು ನೇರವಾಗಿಯೇ ಕೇಳಿದಳು. ಬಸವಲಿಂಗಪ್ಪನವರ ಖಾತೆ ಯಾವುದಿತ್ತು ಎಂದು ನೋಡಿಕೊಂಡು ಬಾ ಎಂದೆ. ಮರುವಾರ ಅವಳು ತನ್ನ ಊರಿನ ನಡಾವಳಿಯಲ್ಲಿ ಒಂದೇ ಬಾವಿಯ ದುರಸ್ತಿ ಏಳು ಸಭೆಗಳಲ್ಲಿ ಮುಂದಕ್ಕೆ ಹೋದದ್ದನ್ನು ಗುರುತು ಮಾಡಿ ತಂದಿದ್ದಳು. ಆ ಏಳು ಸಭೆಗಳಿಗೂ ಅವಳ ಚಿಕ್ಕಪ್ಪ ಹಾಜರಿದ್ದರು, ಮೀಸಲು ಸ್ಥಾನದ ಸದಸ್ಯರಾಗಿ. ಅವರು ಏನು ಹೇಳಿದರು ಎಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮನೆಗೆ ಹೋಗಿ ಕೇಳಿದಳಂತೆ. ಏಳು ಸಲವೂ ಹೇಳಿದ್ದೆ ಮಗಾ, ಬರೆಯುವವರು ಬರೆಯಲಿಲ್ಲ ಎಂದರಂತೆ.

ಅವಳು ಈಗ ಅದನ್ನು ಬರೆಯುತ್ತಿದ್ದಾಳೆ. ಪ್ರಬಂಧದ ಹೆಸರು ಇನ್ನೂ ತೀರ್ಮಾನವಾಗಿಲ್ಲ.